ಕಲ್ಯಾಣದ ಕಟ್ಟಳೆ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ, ಗುಡಿಯ ಹೊರಗೋಡೆಯ ಮೇಲೆ, ಹೆಣ್ಣೊಬ್ಬಳು ಕೈಯೆತ್ತಿ ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿ. 1076ರಲ್ಲಿ ಪಟ್ಟವೇರಿದ ಆ ಚಕ್ರವರ್ತಿ ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನ ವರ್ಷಗಣನೆಯನ್ನೇ ನಡೆಸಿದ. ಐವತ್ತು ವರ್ಷ ಕಲ್ಯಾಣದಿಂದ ಆಳಿದ.

ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ. ಕಲ್ಯಾಣಕ್ಕೆ ಸಮನಾದ ಪಟ್ಟಣವನ್ನು ಭೂಮಿ ಕಂಡಿಲ್ಲವೆಂದು ಹೊಗಳಿಯೇ ಗ್ರಂಥ ಮುಗಿಸಿದ. ಅರಸನ ರಾಜ್ಯ ಅಳಿಯಿತು. ಪಂಡಿತನ ಮಾತು ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಬಹುಪಾಲು ಭಾರತದ ಮನೆಮನೆಯನ್ನು ಆಳಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು.

ಆದರೆ ವಿಜ್ಞಾನೇಶ್ವರ ಹಳೆಯದಕ್ಕೆ ಬರಿಯ ಕಾವಲುಗಾರನಲ್ಲ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಚನ ಸ್ಮೃತಿಗಳಲ್ಲಿತ್ತು. ವಚನವಿದೆಯೆಂದು ಅವನು ಒಪ್ಪಿದ. ಲೋಕ ಹೇಸುವುದನ್ನು ಆಚರಿಸಬಾರದೆಂದು ಅದನ್ನು ಬದಿಗಿಟ್ಟ. ಅತಿಥಿಗಾಗಿ ಗೋವನ್ನು ವಧಿಸುವ ವಿಧಿಯೂ ಹೀಗೆಯೇ ಬಿದ್ದುಹೋಯಿತಲ್ಲವೆ ಎಂಬುದು ಅವನ ವಾದ. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನೂ ಸ್ತ್ರೀಧನ, ಅಂದರೆ ಅವಳ ಸ್ವಂತ ಸ್ವತ್ತು, ಎಂದೇ ಎಣಿಸಿದ.

1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಾರನ್ ಹೇಸ್ಟಿಂಗ್ಸ್ ಹಿಂದೂಗಳ ವ್ಯಾಜ್ಯಗಳನ್ನು ಶಾಸ್ತ್ರದಂತೆ ತೀರ್ಮಾನಿಸಬೇಕೆಂದು ಗೊತ್ತುಮಾಡಿದ. ಅತ್ತ ಇಂಗ್ಲೆಂಡಿನಲ್ಲೂ ಪಿತ್ರಾರ್ಜಿತದ ವಾದವೇ ನಡೆದಿತ್ತು. 1790ರಲ್ಲಿ ಎಡ್ಮಂಡ್ ಬರ್ಕ್ ಆ ನಾಡಿನ ರಾಜ್ಯಾಂಗವನ್ನೇ ಪಿತ್ರಾರ್ಜಿತಕ್ಕೆ ಹೋಲಿಸಿ ಕಾಯ್ದುಕೊಳ್ಳಿರೆಂದ. ಮರುವರ್ಷ ಥಾಮಸ್ ಪೇನ್ ಅವನಿಗೆ ಉತ್ತರವಾಗಿ, ಸತ್ತವರು ಬದುಕಿರುವವರನ್ನು ಆಳಬಾರದೆಂದ. ಇತ್ತ ಭಾರತದಲ್ಲಿ ಕಂಪನಿಯ ಅಧಿಕಾರಿ ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರಾದ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಅಂದಿನಿಂದ ವ್ಯಾಖ್ಯಾನ ಗಟ್ಟಿಗೊಂಡು ಕಾನೂನಾಯಿತು. ವಿಜ್ಞಾನೇಶ್ವರ ಹಿಗ್ಗಿಸಿದ್ದ ಸ್ತ್ರೀಧನವನ್ನು ಲಂಡನ್ನಿನ ಮೇಲ್ಮನವಿಯ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಮತ್ತೆ ಕುಗ್ಗಿಸಿತು.

ಮುಂದೆ ಹಿಂದೂ ಕಾನೂನನ್ನು ಪರಿಷ್ಕರಿಸಲು ನೇಮಕವಾದ, ಮಂಗಳೂರಿನ ಬೆನಗಲ್ ನರಸಿಂಗ ರಾವ್ ಅವರ ಸಮಿತಿ ಹುಟ್ಟಿನ ಹಕ್ಕನ್ನೇ ತೆಗೆಯಲು ಸೂಚಿಸಿತು. ಧರ್ಮ ಕೆಟ್ಟಿತೆಂದು ಸಂಪ್ರದಾಯದವರು ಬೀದಿಗಿಳಿದರು. ಹಿಂದೂ ಸಂಹಿತೆಯ ಮಸೂದೆ ನೆನೆಗುದಿಗೆ ಬಿದ್ದಾಗ, 1951ರಲ್ಲಿ, ಅಂಬೇಡ್ಕರರು ಮಂತ್ರಿಪದವಿ ಬಿಟ್ಟರು. 1956ರ ಉತ್ತರಾಧಿಕಾರ ಕಾಯಿದೆಯೂ ಗಂಡುಮಕ್ಕಳ ಹುಟ್ಟಿನ ಹಕ್ಕನ್ನು ಉಳಿಸಿಕೊಂಡೇ ಬಂತು. ಹೆಣ್ಣುಮಕ್ಕಳಿಗೂ ಆ ಹಕ್ಕು ಕರ್ನಾಟಕದಲ್ಲಿ ದೊರೆತದ್ದು 1994ರಲ್ಲಿ, ಅದೂ ಆಗ ಮದುವೆಯಾಗಿರದವರಿಗೆ. ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ 2005ರಲ್ಲಿ.

ಹಳೆಯದನ್ನು ಕಾಯಹೊರಟವರು ವಿಜ್ಞಾನೇಶ್ವರನನ್ನೇ ಗುರಾಣಿಯಾಗಿ ಹಿಡಿದರು. ಅಣ್ಣನ ಹೆಚ್ಚಿನ ಪಾಲನ್ನು ಕಲ್ಯಾಣದಲ್ಲಿ ತಳ್ಳಿಹಾಕಿದ ಅವನ ತರ್ಕ ತಂಗಿಯ ಪಾಲಿನವರೆಗೆ ನಡೆದುಬರಲು ಒಂಬತ್ತು ಶತಮಾನ ಹಿಡಿಯಿತು.