ಕಾರವಾರ-ಅಂಕೋಲೆಗಳ ಗಜನಿ ಭೂಮಿಯೂ ಮಳೆಯ ನೀರೂ

ಆಕಾಶದಿಂದ ಬೀಳುವ ನೀರು ಒಂದೇ ವರ್ಣ, ಒಂದೇ ರುಚಿಯುಳ್ಳದ್ದೆಂದೂ, ನೆಲದ ಭೇದದಿಂದಲೇ ಅದು ನಾನಾ ರಸಗಳನ್ನು ಪಡೆಯುವುದೆಂದೂ ವರಾಹಮಿಹಿರನು ಬೃಹತ್ಸಂಹಿತೆಯ ಉದಕಾರ್ಗಲಾಧ್ಯಾಯದಲ್ಲಿ ಹೇಳಿರುವನು. ಆರನೆಯ ಶತಮಾನದ ಈ ಮಾತು ಸಾಮಾನ್ಯಾನುಭವಕ್ಕೆ ಒಪ್ಪುವಂಥದು. ಆದರೆ 1852ರಲ್ಲಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞನು ಮ್ಯಾಂಚೆಸ್ಟರ್ ನಗರದ ಮಳೆಯನ್ನು ಪರೀಕ್ಷಿಸಿ, ಕಲ್ಲಿದ್ದಲಿನ ಹೊಗೆಯಿಂದ ಅದರಲ್ಲಿ ಗಂಧಕಾಮ್ಲವು ಬೆರೆಯುತ್ತಿರುವುದನ್ನು ತೋರಿಸಿದನು. 1872ರ ತನ್ನ ಗ್ರಂಥದಲ್ಲಿ ಇದನ್ನು ಆಮ್ಲವೃಷ್ಟಿಯೆಂದು ಕರೆದನು. ನೀರಿನ ರಸಭೇದವು ನೆಲವನ್ನು ಮುಟ್ಟುವುದಕ್ಕೆ ಮೊದಲೇ ಆರಂಭವಾಗಬಹುದೆಂಬುದು ಇದರಿಂದ ಸಿದ್ಧವಾಯಿತು.

ಆ ಮ್ಯಾಂಚೆಸ್ಟರಿಗೂ ಕಾರವಾರಕ್ಕೂ ಸಂಬಂಧವಿಲ್ಲದೆ ಇಲ್ಲ. ಅಮೆರಿಕದ ಅಂತರ್ಯುದ್ಧದಿಂದ (1861-65) ಹತ್ತಿಯ ಕ್ಷಾಮವುಂಟಾದಾಗ, ಧಾರವಾಡ ಸೀಮೆಯ ಹತ್ತಿಯನ್ನು ಸಾಗಿಸಲು ಮ್ಯಾಂಚೆಸ್ಟರಿನ ವರ್ತಕರು ಈ ಬಂದರಿನ ಮೇಲೆ ಕಣ್ಣಿಟ್ಟರು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದಕ್ಕೂ ಈ ಹತ್ತಿಯ ಹಿತವೇ ಒಂದು ಕಾರಣವಾಗಿತ್ತು. ಹತ್ತಿಯು ಹೊರಟಿತು, ಹೊಗೆಯು ಅಲ್ಲಿಯೇ ಉಳಿಯಿತು. ಕಾರವಾರದ ಗಾಳಿಗೆ ಕಾರ್ಖಾನೆಯ ಸಂಪರ್ಕವಾದುದು ಬಹಳ ಕಾಲದ ತರುವಾಯ.

ಈ ಪ್ರದೇಶದಲ್ಲಿ ಮಳೆಯ ಗುಣಕ್ಕೆ ವಿಶೇಷ ಮಹತ್ತ್ವವುಂಟು. ಕಾಳಿ, ಗಂಗಾವಳಿ ನದಿಗಳು ಸಮುದ್ರವನ್ನು ಸೇರುವಲ್ಲಿ ಭರತದ ಉಪ್ಪುನೀರು ನುಗ್ಗುವ ತಗ್ಗು ಭೂಮಿಗಳಿಗೆ ಗಜನಿಯೆಂದು ಹೆಸರು. ರೈತರು ಒಡ್ಡು ಕಟ್ಟಿ, ತೂಬಿನ ಹಲಗೆಗಳಿಂದ ನೀರನ್ನು ನಿಯಮಿಸುವರು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಬಳಿಕ, ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗವೆಂಬ ಭತ್ತವನ್ನು ಬಿತ್ತುವರು. ಕೊಯ್ಲಾದ ಮೇಲೆ ಭರತದ ನೀರನ್ನು ಒಳಗೆ ಬಿಡಲು ಅದೇ ಗದ್ದೆಯು ಮೀನು ಸಿಗಡಿಗಳ ನೆಲೆಯಾಗುವುದು. ಬೇರೆಡೆ ಮಳೆಯು ಬೆಳೆಗೆ ನೀರು ಮಾತ್ರ. ಇಲ್ಲಿ ಅದು ಭೂಮಿಯನ್ನು ಶೋಧಿಸುವ ಸಾಧನವೂ ಹೌದು.

ಇಷ್ಟರಿಂದ ಇಂಗ್ಲೆಂಡಿನ ಆಮ್ಲವೃಷ್ಟಿಯ ಕಥೆಯನ್ನು ಇಲ್ಲಿಗೆ ಹಾಗೆಯೇ ತಂದು ಹೊಂದಿಸುವುದು ಯುಕ್ತವಲ್ಲ. ಭಾರತದ ಮಳೆಯಲ್ಲಿ ಮಣ್ಣಿನ ಧೂಳಿನ ಸುಣ್ಣದಂಶವು ಆಮ್ಲವನ್ನು ಬಹುಮಟ್ಟಿಗೆ ಶಮನಗೊಳಿಸುವುದು. ಮುಂಗಾರಿನ ನಡುವೆ ನೆಲವು ತೊಯ್ದು ಧೂಳಡಗಿದಾಗ ಮಾತ್ರ ಈ ರಕ್ಷಣೆಯು ಕುಗ್ಗುವುದು. ಅದಲ್ಲದೆ ಸಮುದ್ರದ ಪ್ರತಿಯೊಂದು ಲೀಟರ್ ನೀರಿನಲ್ಲಿಯೂ ಸುಮಾರು 2.7 ಗ್ರಾಂ ಸಲ್ಫೇಟು ಸಹಜವಾಗಿಯೇ ಇರುವುದರಿಂದ, ಹೊಗೆಯು ತರುವ ಗಂಧಕವು ಗಜನಿಗೆ ಹೊಸ ವಸ್ತುವಲ್ಲ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಈ ಸಲ್ಫೇಟನ್ನು ಸಲ್ಫೈಡನ್ನಾಗಿ ಮಾರ್ಪಡಿಸುವುವು; ಅದು ಜಂಬಿಟ್ಟಿಗೆ ನೆಲದ ಕಬ್ಬಿಣದೊಡನೆ ಕೂಡಿ ಪೈರೈಟ್ ಎಂಬ ಖನಿಜವಾಗಿ ನಿಲ್ಲುವುದು. ಮಣ್ಣು ತೇವವಾಗಿರುವವರೆಗೆ ಅದು ನಿರಪಾಯಕರ. ಒಣಗಿ ಗಾಳಿಗೆ ತೆರೆದುಕೊಂಡರೆ ಅದರಿಂದಲೇ ಗಂಧಕಾಮ್ಲವು ಹುಟ್ಟುವುದು.

ಹಾಗೆಂದು ಹೊಗೆಯು ನಿರ್ದೋಷಿಯೆನ್ನಲಾಗದು. 1970ರ ದಶಕದಲ್ಲಿ ಕಾರವಾರದ ಬಳಿಯ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಿಕೆಯು ಆರಂಭವಾಯಿತು. ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ ಸೋಡಾವನ್ನೂ ಕ್ಲೋರಿನನ್ನೂ ಪಡೆಯುವ ಈ ಉದ್ಯಮದಲ್ಲಿ ಆ ಕಾಲಕ್ಕೆ ಪಾದರಸದ ಕೋಶಗಳು ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿದ್ದುವು. ಇಂಥ ಕೋಶಗಳಿಂದ ಪಾದರಸದ ಆವಿಯು ಗಾಳಿಗೇರಿ, ಮಳೆಯೊಡನೆ ಮರಳಿ ಇಳಿಯುವುದು. ಸಲ್ಫೇಟನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳೇ ಜೌಗಿನಲ್ಲಿ ಅದನ್ನು ಮೀಥೈಲ್ ಪಾದರಸವೆಂಬ ವಿಷವನ್ನಾಗಿ ಮಾಡಬಲ್ಲುವು. ಆ ವಿಷವು ಮೀನಿನಲ್ಲಿ ಸಂಚಯವಾಗುವುದು. ಇದರ ಘೋರಫಲವನ್ನು 1956ರಲ್ಲಿ ಜಪಾನಿನ ಮಿನಮಾಟವು ಜಗತ್ತಿಗೆ ತಿಳಿಸಿತು. ಅಲ್ಲಿ ವಿಷವು ಬಂದುದು ಕಾರ್ಖಾನೆಯ ಕೊಳಚೆನೀರಿನಿಂದ. ಮುಂದೆ 2013ರ ಮಿನಮಾಟ ಒಡಂಬಡಿಕೆಯು ಪಾದರಸಕೋಶಗಳನ್ನು ತೊರೆಯಬೇಕೆಂದು ವಿಧಿಸಿತು. ಗದ್ದೆಯೇ ಮೀನಿನ ನೆಲೆಯೂ ಆಗಿರುವ ನಾಡಿಗೆ ಈ ವಿಚಾರವು ದೂರದ್ದಲ್ಲ.

ಅಂಕೋಲೆಯ ಅನುಭವವು ಬೇರೆ ಬಗೆಯದು. 2000ದ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರು ಲಾರಿಗಳಲ್ಲಿ ಬೇಲೇಕೇರಿ ಬಂದರಿಗೆ ಬಂದು ರಾಶಿ ಬಿದ್ದಿತು. 2010ರಲ್ಲಿ ಜಪ್ತಾದ ಅದಿರು ಅಲ್ಲಿಂದ ಕಾಣೆಯಾದ ಪ್ರಕರಣವು ರಾಜ್ಯವನ್ನೇ ಕದಡಿತು. ಆ ವರ್ಷವೇ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು. ಬಯಲಿನಲ್ಲಿ ರಾಶಿಯಾದ ಅದಿರಿನ ಧೂಳು ಬೇಸಗೆಯಲ್ಲಿ ಗಾಳಿಯ ಪಾಲು, ಮಳೆಗಾಲದಲ್ಲಿ ಹರಿಯುವ ನೀರಿನ ಪಾಲು. ನ್ಯಾಯಾಲಯಗಳು ಟನ್ನುಗಳ ಲೆಕ್ಕವನ್ನು ಕೇಳಿದುವು. ಧೂಳಿನ ಲೆಕ್ಕವನ್ನು ಇಡತಕ್ಕುದು ಚರಿತ್ರೆಯ ಕೆಲಸ.

ನೆರೆಯ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆಯು ಜನರ ವಿರೋಧವನ್ನು ಕಂಡು, ಕಾರ್ಯರೂಪಕ್ಕೆ ಬರಲಿಲ್ಲ. ಅದು ಬಂದಿದ್ದರೆ ಹೊಗೆಗಿಂತಲೂ ಮೊದಲು ವಿಚಾರಿಸಬೇಕಾಗಿದ್ದುದು ಜೌಗು ನೆಲವನ್ನು ತುಂಬಿ ಒಣಗಿಸುವ ಪ್ರಶ್ನೆಯನ್ನು. ಗಜನಿಯ ಕ್ಷೇಮವು ಶುದ್ಧವಾದ ಮಳೆಯನ್ನೂ ತೇವವಾದ ಕೆಸರನ್ನೂ ಒಟ್ಟಿಗೆ ಅಪೇಕ್ಷಿಸುವುದು. ಒಡ್ಡು ಕಟ್ಟಿ, ಉಪ್ಪಿಗೂ ಸಿಹಿಗೂ ಸರದಿಯನ್ನು ಗೊತ್ತುಮಾಡಿದ ರೈತನ ಪದ್ಧತಿಯಲ್ಲಿ ಈ ಎರಡೂ ಅಡಗಿವೆ. ಮುಂದಿನ ಯೋಜಕರು ಮೊದಲು ಓದತಕ್ಕ ಆಧಾರವು ಅದೇ.