ಎಳೆಯುವವರು, ತಡೆಯುವವರು

ಬಂಟ್ವಾಳದ ನನ್ನ ಮಿತ್ರರೊಬ್ಬರಲ್ಲಿ ಅವರ ತಂದೆಯ ಕಾಲದ ಅಂಬಾಸಿಡರ್ ಕಾರೊಂದಿದೆ. ಹಳೆಯ ಕಾರುಗಳ ಶಾಸ್ತ್ರ ಬಲ್ಲವರು 1919ರಿಂದ 1930ರೊಳಗೆ ತಯಾರಾದುದನ್ನು ಮಾತ್ರ ‘ವಿಂಟೇಜ್’ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಾದರೋ ಅಜ್ಜನ ಪ್ರಾಯದ ಕಾರುಗಳೆಲ್ಲ ವಿಂಟೇಜೇ. ಕಳೆದ ಚಳಿಗಾಲದಲ್ಲಿ ಮಿತ್ರರಿಗೆ ಒಂದು ಹುಮ್ಮಸ್ಸು ಹುಟ್ಟಿತು. ಎರಡು ಗಾಲಿಯ ಪುಟ್ಟ ಟ್ರೈಲರೊಂದನ್ನು ಕಟ್ಟಿಸಿ, ಅದರೊಳಗೆ ಎರಡು ಹಾಸಿಗೆ, ಒಂದು ಸ್ಟವ್, ನೀರಿನ ಕ್ಯಾನುಗಳನ್ನಿರಿಸಿ, ಕಾರಿನ ಹಿಂದೆ ಕಟ್ಟಿಕೊಂಡು ಮೂಡುಬಿದಿರೆ, ವೇಣೂರುಗಳ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗಿಬರುವುದು. ಜೊತೆಗೆ ನಾನೂ ಹೊರಟೆ.

ಈ ಹುಮ್ಮಸ್ಸು ಹೊಸದೇನಲ್ಲ. ನೌಕಾದಳದ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಎಂಬಾತ 1885ರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಮಾಡಿಸಿ, ಎರಡು ಕುದುರೆ ಕಟ್ಟಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸಂಚರಿಸಿದ. ಜೀವನೋಪಾಯಕ್ಕಲ್ಲದೆ, ಬರಿಯ ಸಂತೋಷಕ್ಕಾಗಿ ಮನೆಯನ್ನು ಬೆನ್ನ ಹಿಂದೆ ಎಳೆಸಿಕೊಂಡು ತಿರುಗಿದವರಲ್ಲಿ ಆತ ಮೊದಲಿಗನೆಂದು ಹೇಳುವುದುಂಟು. ಮೊದಲ ಮಹಾಯುದ್ಧ ಮುಗಿದ ಮೇಲೆ ಕುದುರೆಯ ಜಾಗಕ್ಕೆ ಕಾರು ಬಂತು.

ಆದರೆ ನಾವು ಹೊರಟ ದಾರಿಗೂ ತನ್ನದೇ ಆದ ಒಂದು ಚರಿತ್ರೆಯುಂಟು. ಒಂದು ಕಾಲದಲ್ಲಿ ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಬಂಟ್ವಾಳಕ್ಕೆ ಬಂದಿಳಿದು, ಅಲ್ಲಿಂದ ದೋಣಿ ಏರಿ ನೇತ್ರಾವತಿಯ ಮೇಲೆ ಮಂಗಳೂರಿಗೆ ಸಾಗುತ್ತಿತ್ತು. 1914ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಬಂಟ್ವಾಳಕ್ಕೆ ಬಸ್ಸು ಓಡಿಸಿದಾಗ ಗಾಡಿಗೂ ದೋಣಿಗೂ ಎದುರಾಳಿಯೊಂದು ಹುಟ್ಟಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾಗಿ, ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡತೊಡಗಿದವು. ನಮ್ಮಲ್ಲಿ ಇದ್ದಿಲಿನ ಒಲೆಯನ್ನು ಬಸ್ಸಿನ ಬೆನ್ನಿಗೇ ಬಿಗಿಯುತ್ತಿದ್ದರೆ, ಇಂಗ್ಲೆಂಡಿನಲ್ಲಿ ಅನೇಕ ಬಸ್ಸುಗಳು ಅದನ್ನು ಎರಡು ಗಾಲಿಯ ಪುಟ್ಟ ಟ್ರೈಲರಿನಲ್ಲಿಟ್ಟು ಎಳೆದೊಯ್ಯುತ್ತಿದ್ದವು. ಏರು ಬಂದಾಗ ಬಸ್ಸಿನಿಂದ ಇಳಿದು ನಡೆದ, ಕೆಲವೊಮ್ಮೆ ಅದನ್ನೇ ನೂಕಿದ ಕಥೆಗಳನ್ನು ನಾನು ಹಿರಿಯರ ಬಾಯಿಂದಲೇ ಕೇಳಿದ್ದೇನೆ. ಹೀಗಾಗಿ ‘ಕಾರು ಎಳೆದೀತೇ?’ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಕಾರು ಎಳೆಯಿತು. ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ತಲುಪುವವರೆಗೆ ಅದು ಯಾವ ಏರಿನಲ್ಲಿಯೂ ಹಿಂದೆಗೆಯಲಿಲ್ಲ. 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯ ನೆರಳಿನಲ್ಲಿ ವಿಶ್ರಮಿಸಿ, ವೇಣೂರಿಗೆ ಬಂದು, ತಿಮ್ಮಣ್ಣ ಅಜಿಲರು 1604ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟನನ್ನು ಕಂಡು ಮುಂದುವರಿದೆವು.

ವೇಣೂರು ದಾಟಿದ ಮೇಲೆ ಒಂದು ಇಳಿಜಾರು. ಅಲ್ಲಿ ಟ್ರೈಲರು ತನ್ನ ಸ್ವರೂಪವನ್ನು ತೋರಿಸಿತು. ಅದುವರೆಗೆ ವಿಧೇಯವಾಗಿ ಹಿಂಬಾಲಿಸುತ್ತಿದ್ದ ಅದು ಈಗ ಕಾರನ್ನು ಹಿಂದಿನಿಂದ ನೂಕತೊಡಗಿತು. ನೂಕಿದ್ದಷ್ಟೇ ಅಲ್ಲ, ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ತೊನೆಯಲಾರಂಭಿಸಿತು. ಮಿತ್ರರು ಬ್ರೇಕನ್ನು ಒತ್ತಿದಂತೆಲ್ಲ ತೊನೆತ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕಾರಿನ ಹಳೆಯ ಡ್ರಮ್ ಬ್ರೇಕುಗಳು ಬಿಸಿಯಾಗಿ, ಸುಟ್ಟ ವಾಸನೆ ಒಳಗೆ ತುಂಬಿತು. ಎದುರಿನಿಂದ ಬಸ್ಸೊಂದು ಬರುತ್ತಿತ್ತು. ಅದು ನಮ್ಮನ್ನು ಸವರಿಕೊಂಡು ದಾಟಿಹೋದ ಆ ಕ್ಷಣದಲ್ಲಿ ನಾವಿಬ್ಬರೂ ಮಾತನಾಡಲಿಲ್ಲ. ಇಳಿಜಾರು ಮುಗಿದಲ್ಲಿ ಕಾರು ತಾನಾಗಿಯೇ ನಿಂತಿತು. ಮಿತ್ರರ ಕೈಗಳು ಸ್ಟಿಯರಿಂಗನ್ನು ಬಿಡಲು ಸ್ವಲ್ಪ ಹೊತ್ತು ಬೇಕಾಯಿತು.

ರಸ್ತೆಯ ಬದಿಯ ಅಂಗಡಿಯ ಬೆಂಚಿನ ಮೇಲೆ ವಯೋವೃದ್ಧರೊಬ್ಬರು ಕುಳಿತಿದ್ದರು. ಎದ್ದು ಬಂದು, ಟ್ರೈಲರಿಗೆ ಒಂದು ಸುತ್ತು ಹಾಕಿ, ಒಳಗೆ ಇಣುಕಿ ನೋಡಿದರು. ನೀರಿನ ಕ್ಯಾನುಗಳನ್ನೆಲ್ಲ ನಾವು ಹಿಂಬದಿಯಲ್ಲಿ ಪೇರಿಸಿದ್ದೆವು.

“ಹಿಂದೆ ಭಾರ ಹೆಚ್ಚು ಉಂಟು ಮಾರಾಯ್ರೇ. ಮೂಕಿ ಮೇಲೆ ಏಳ್ತದೆ. ಸ್ವಲ್ಪ ಮುಂದಕ್ಕೆ ಸರಿಸಿ,” ಎಂದರು.

ಅವರು ಪ್ರಾಯಕಾಲದಲ್ಲಿ ಎತ್ತಿನ ಗಾಡಿ ಹೊಡೆದವರು. ಮೂಕಿಯೆಂದರೆ ನೊಗಕ್ಕೆ ತಾಗುವ ಗಾಡಿಯ ಮುಂಗೋಲು. ಭಾರ ಹಿಂದಾದರೆ ನೊಗ ಎತ್ತಿನ ಕೊರಳಿನಿಂದ ಮೇಲೇಳುತ್ತದೆ. ತೀರ ಮುಂದಾದರೆ ಕೊರಳನ್ನು ಅದುಮುತ್ತದೆ. ಟ್ರೈಲರಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕೆಂದು ಇಂದಿನ ಯಂತ್ರಶಾಸ್ತ್ರ ಹೇಳುವುದೂ ಇದನ್ನೇ. “ಏರಿನಲ್ಲಿ ಎತ್ತಿಗೆ ಕೆಲಸ, ಇಳಿಜಾರಿನಲ್ಲಿ ಗಾಡಿಯವನಿಗೆ ಕೆಲಸ,” ಎಂದೂ ಅವರು ಸೇರಿಸಿದರು. ಕ್ಯಾನುಗಳನ್ನು ಮುಂದಕ್ಕೆ ಸರಿಸಿದೆವು. ಮುಂದಿನ ಇಳಿಜಾರುಗಳಲ್ಲಿ, ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತ ಬಂದಾಗ, ಟ್ರೈಲರು ಮೊದಲಿನಂತೆ ವಿಧೇಯವಾಯಿತು.

ಗುರುವಾಯನಕೆರೆ, ಬೆಳ್ತಂಗಡಿಗಳನ್ನು ದಾಟುವಾಗ ಇದೇ ತಾಲೂಕಿನ ರಸ್ತೆಯ ಬದಿಯಲ್ಲಿ 1973ರಲ್ಲಿ ಬಾಲಕನಾಗಿ ನಿಂತು ಕಂಡ ದೃಶ್ಯವೊಂದು ನೆನಪಿಗೆ ಬಂತು. ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಏಕಶಿಲೆಯಲ್ಲಿ ಕಡೆದ 39 ಅಡಿಯ ಬಾಹುಬಲಿಯನ್ನು ಧರ್ಮಸ್ಥಳಕ್ಕೆ ಸಾಗಿಸಿದ ವರ್ಷ ಅದು. ಮೂರ್ತಿಯ ತೂಕ ಸುಮಾರು 170 ಟನ್. ಅದನ್ನು ಮಲಗಿಸಿದ್ದ ಟ್ರೈಲರಿಗೆ 64 ಗಾಲಿಗಳು. ಗಾಲಿಗಳನ್ನು ಎಣಿಸಲು ಹೊರಟು ನಾನು ಮತ್ತೆ ಮತ್ತೆ ಲೆಕ್ಕ ತಪ್ಪುತ್ತಿದ್ದೆ. ಈಗ ಲೆಕ್ಕ ಹಾಕಿದರೆ ಒಂದೊಂದು ಗಾಲಿ ಹೊತ್ತುದು ಎರಡೂವರೆ ಟನ್ನಿಗೂ ಮಿಕ್ಕ ಭಾರ. ನಮ್ಮ ಕಾರು, ಟ್ರೈಲರು, ನಾವಿಬ್ಬರು, ಎಲ್ಲವೂ ಸೇರಿದರೂ ಅಷ್ಟಾಗದು.

ಅದಕ್ಕೂ ಹಿಂದೆ, 1432ರಲ್ಲಿ, ಕಾರ್ಕಳದ ಗೊಮ್ಮಟನನ್ನು ಬೆಟ್ಟಕ್ಕೆ ಏರಿಸಿದ ಐತಿಹ್ಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಾಲ್‌ಹೌಸ್ ಎಂಬ ಆಂಗ್ಲ ಅಧಿಕಾರಿ ಬರೆದಿಟ್ಟಿದ್ದಾನೆ. ಉಕ್ಕಿನ ಗಾಲಿಗಳ ಇಪ್ಪತ್ತು ಕಬ್ಬಿಣದ ಬಂಡಿಗಳು, ಸಾವಿರಾರು ತೆಂಗಿನಕಾಯಿಗಳ ನೈವೇದ್ಯ, ಹಗ್ಗ ಹಿಡಿದ ಭಕ್ತಸಮೂಹ. ಐತಿಹ್ಯದಲ್ಲಿ ಎಳೆದವರಿದ್ದಾರೆ, ತಡೆದವರ ಪ್ರಸ್ತಾಪವೇ ಇಲ್ಲ. ಆದರೆ ಹಗ್ಗ ಸಡಿಲಾದ ಕ್ಷಣದಲ್ಲಿ ಗಾಲಿಯಡಿಗೆ ಅಡ್ಡ ಕೊಡುವ ಕೈಗಳಿಲ್ಲದೆ ಅಂಥ ಭಾರ ಬೆಟ್ಟವನ್ನೇರುವುದು ಸಾಧ್ಯವೇ? ನಮ್ಮ ಊರಿನ ತೇರನ್ನೇ ನೋಡಿರಿ. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತ, ಮರದ ತುಂಡನ್ನು ಸರಿಯಾದ ಗಳಿಗೆಗೆ ಕೊಡುವವರು ನಾಲ್ಕೇ ಜನ. ಜಯಕಾರ ಎಳೆಯುವವರಿಗೆ, ಜನರ ಪ್ರಾಣ ಮಾತ್ರ ಆ ನಾಲ್ವರ ಕೈಯಲ್ಲಿ.

ಸಂಜೆಗೆ ಧರ್ಮಸ್ಥಳ ಸೇರಿದೆವು. ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ಕೇಳುಗರಲ್ಲಿ ಅನೇಕರು ನೋಡಿರಬಹುದು. ಹೊಳೆಯುವ ಆ ಕಾರುಗಳ ಸಾಲಿನಲ್ಲಿ ಬಂದವರೆಲ್ಲ ಎಂಜಿನಿನ ಶಕ್ತಿಯನ್ನು ಕೊಂಡಾಡುತ್ತಿದ್ದರೆ, ನನ್ನ ಮಿತ್ರರು ಒಂದೊಂದು ಗಾಲಿಯ ಬಳಿಯೂ ಬಗ್ಗಿ ಬ್ರೇಕನ್ನೇ ನೋಡುತ್ತಿದ್ದರು. ಬಳಿಕ ರತ್ನಗಿರಿಯನ್ನೇರಿ, 1975ರಲ್ಲಿ ಎದ್ದು ನಿಂತು 1982ರಲ್ಲಿ ಮೊದಲ ಮಹಾಮಸ್ತಕಾಭಿಷೇಕ ಕಂಡ ಬಾಹುಬಲಿಯ ಪಾದದ ಬಳಿ ನಿಂತೆವು. ಗೆದ್ದ ರಾಜ್ಯದ ಅಂಚಿನಲ್ಲಿ ಎತ್ತಿದ ಕೈಯನ್ನು ತಾನೇ ತಡೆದು ನಿಂತವನಲ್ಲವೇ ಅವನು? ಅವನನ್ನು ಇಲ್ಲಿಗೆ ತಂದ ಟ್ರೈಲರಿನ ಗಾಲಿಗಳನ್ನು ಎಣಿಸಿದ್ದ ಬಾಲಕನಿಗೆ ಅಂದು ಆ ಸಂಬಂಧ ಹೊಳೆದಿರಲಿಲ್ಲ.

ಊರಿಗೆ ಮರಳಿದ ಮೇಲೆ ಮಿತ್ರರು ಟ್ರೈಲರಿಗೇ ಪ್ರತ್ಯೇಕ ಬ್ರೇಕನ್ನು ಹಾಕಿಸಿದರು. ಅದು ಮುಂದಕ್ಕೆ ನೂಕಿದಾಗ ಆ ನೂಕಿನಿಂದಲೇ ಅದರ ಗಾಲಿಗಳು ಬಿಗಿಯುತ್ತವೆ. ಎಂಜಿನಿಗೆ ಮಾತ್ರ ಅವರು ಏನನ್ನೂ ಮಾಡಿಸಲಿಲ್ಲ.