ಕೆರೆಯ ಸವಕಳಿ ಯಾರ ಲೆಕ್ಕಕ್ಕೆ?

ಈ ವಾರದ ಎಪಿಸೋಡ್ ಕೋಲಾರದ ಕೆರೆಗಳ ಬಗ್ಗೆ. "ಮತ್ತೆ ಕೆರೆನಾ?" ಅನ್ನಬೇಡಿ, ಸ್ವಲ್ಪ ಕೇಳಿ. ನಾನು ಓದಿದ್ದು ಬಿ.ಕಾಂ., ಇತಿಹಾಸ ಅಲ್ಲ. ಕೆರೆ ಕಟ್ಟಿಸಿದವರು ಯಾರು ಅಂತ ಎಲ್ಲರೂ ಹೇಳ್ತಾರೆ. ಕಟ್ಟಿದ ಮೇಲೆ ನೋಡಿಕೊಳ್ಳೋಕೆ ದುಡ್ಡು ಎಲ್ಲಿಂದ ಬರ್ತಿತ್ತು ಅನ್ನೋದು ನನ್ನ ಪ್ರಶ್ನೆ. ಒಂದು ಯಂತ್ರ ಕೊಂಡರೆ ವರ್ಷ ವರ್ಷ ಅದು ಸವೆಯುತ್ತೆ, ಆ ಸವಕಳಿಯನ್ನು ಲೆಕ್ಕಪುಸ್ತಕದಲ್ಲಿ ತೋರಿಸಲೇಬೇಕು. ಕೆರೆಗೂ ಸವಕಳಿ ಇದೆ. ಅದರ ಹೆಸರು ಹೂಳು.

ಕೋಲಾರ ಜಿಲ್ಲೆಯ ಶಾಸನಗಳಿಗೇ ಒಂದು ಇಡೀ ಸಂಪುಟ ಇದೆ. ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, ಬಿ.ಎಲ್. ರೈಸ್ 1905ರಲ್ಲಿ ಹೊರತಂದದ್ದು. ಈ ಸೀಮೆಯ ಶಾಸನಗಳಲ್ಲಿ ಯುದ್ಧ, ವೀರಗಲ್ಲುಗಳ ಜೊತೆಗೆ ಕೆರೆಯ ಮಾತೂ ಮತ್ತೆ ಮತ್ತೆ ಬರುತ್ತೆ. ಪಾಲಾರ್ ನದಿಯ ಬೇತಮಂಗಲದ ಕೆರೆ ಒಡೆದುಹೋಗಿ, 10ನೇ ಶತಮಾನದಲ್ಲಿ ನೊಳಂಬರ ಕಾಲಕ್ಕೆ ಅದನ್ನು ಮತ್ತೆ ಕಟ್ಟಿಸಿದರು. ಅಂದ್ರೆ ಸಾವಿರ ವರ್ಷದ ಹಿಂದೆಯೇ ಅದು ರಿಪೇರಿಗೆ ಬಂದ ಹಳೇ ಕೆರೆ!

ನನ್ನ ಕಣ್ಣಿಗೆ ಬಿದ್ದದ್ದು ಒಂದು ಪದ: ಬಿತ್ತುವಟ್ಟ. ಕೆರೆಯ ಪಾಲನೆಗೆ ಅಂತ ಬಿಟ್ಟ ಭೂಮಿ ಅಥವಾ ಅದರ ಆದಾಯ. ಕೆರೆ ಕಟ್ಟಿದವನಿಗೆ ಕೊಡಗಿ ಅಂತ ಜಮೀನು ಸಿಗ್ತಿತ್ತು. ಹೂಳು ಹೊರೋ ಬಂಡಿ ಇಟ್ಟುಕೊಳ್ಳೋಕೆ ಭೂಮಿ ಬಿಟ್ಟ ಶಾಸನಗಳೂ ಕರ್ನಾಟಕದಲ್ಲಿ ಇವೆ. ಕಟ್ಟೋ ದಿನವೇ ಸವಕಳಿಗೆ ದುಡ್ಡು ಎತ್ತಿಟ್ಟಿದ್ರು ನೋಡಿ.

ತೂಬು ತೆಗೆಯೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು, ಮಳೆ ಬಂದ ರಾತ್ರಿ ಏರಿ ಮೇಲೆ ನಡೆದು ಬಿರುಕು ಹುಡುಕೋದು, ಇದೆಲ್ಲ ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಕಣದಿಂದಲೇ ಅವನಿಗೆ ಕಾಳು ಅಳೆದು ಕೊಡ್ತಿದ್ದರು. ಇದನ್ನ ಸುಂದರ ಗ್ರಾಮಜೀವನ ಅಂತ ಹಾಡಿ ಹೊಗಳೋಕೆ ನಂಗೆ ಮನಸ್ಸಿಲ್ಲ. ಎಷ್ಟೋ ಊರಲ್ಲಿ ನೀರುಗಂಟಿ ದಲಿತ ಕೇರಿಯವನು. ಅಪ್ಪನ ಕೆಲಸ ಮಗನ ತಲೆಗೆ. ಎಲ್ಲರ ಗದ್ದೆಗೂ ನೀರು ಹಾಯಿಸಿದವನಿಗೆ ಸ್ವಂತ ಗದ್ದೆ ಎಷ್ಟಿತ್ತು ಅಂತಾನೂ ಕೇಳಬೇಕು.

1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗೆ ಒಂದು ಕಾನೂನು ತಂತು, ಊರವರ ಪಾಲಿನ ಕೆಲಸ ಊರವರೇ ಮಾಡಲಿ ಅಂತ. 1961ರಲ್ಲಿ ಗ್ರಾಮಾಧಿಕಾರಿಗಳ ಹುದ್ದೆ ರದ್ದು ಮಾಡೋ ಕಾಯ್ದೆ ಬಂತು. ಶಾನುಭೋಗ, ಪಟೇಲರ ಜೊತೆ ಕೆಳಗಿನ ವಂಶಪಾರಂಪರ್ಯ ಚಾಕರಿಗಳೂ ಹೋದವು. ಹೋಗಲೇಬೇಕಿತ್ತು. ಆದರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಊರೂರಿಗೂ ಇನ್ನೊಬ್ಬರನ್ನ ನೇಮಿಸಲಿಲ್ಲ. ನನ್ನ ಪ್ರಕಾರ ಕೋಲಾರದ ನೀರಿನ ಕಥೆ ತಿರುಗಿದ್ದು ಇಲ್ಲೇ. ಚಾಕರಿ ರದ್ದಾಯ್ತು, ಕೆಲಸ ಹಾಗೇ ಉಳೀತು.

ಹೂಳು ತುಂಬಿತು. ಆಮೇಲೆ ಬಂದಿದ್ದು ನೀಲಗಿರಿ. ವ್ಯಾಪಾರದ ಕಣ್ಣಲ್ಲಿ ನೋಡಿದ್ರೆ ಎಂಥಾ ಬೆಳೆ ಗೊತ್ತಾ? ಒಂದು ಸಲ ನೆಟ್ಟರೆ ಕಳೆ ಇಲ್ಲ, ಕಾವಲಿಲ್ಲ, ದನ ಮುಟ್ಟಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಮರ ರೇಯಾನ್ ತಿರುಳಿಗೆ ಹರಿಹರದ ಕಾರ್ಖಾನೆ ಕಡೆ ಹೋಗ್ತಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಸಾಮಾಜಿಕ ಅರಣ್ಯ ಯೋಜನೆಯೂ ಸೇರಿಕೊಂಡಿತು. ಅದಕ್ಕೂ ಮುಂಚೆ, 1981ರಲ್ಲೇ, ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜೆ. ಬಂದ್ಯೋಪಾಧ್ಯಾಯ ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ಅಧ್ಯಯನ ಮಾಡಿದ್ರು. ರಾಗಿ ಹೊಲ ನೀಲಗಿರಿ ತೋಪಾಗ್ತಿದೆ, ಕೂಲಿ ಕೆಲಸ ಹೋಗ್ತಿದೆ ಅಂತ ಎಚ್ಚರಿಸಿದ್ರು. ವರದಿ ಬಂದದ್ದು ಎಲ್ಲಿಂದ? ಬೆಂಗಳೂರಿನ ಐಐಎಂನಿಂದ, ಮ್ಯಾನೇಜರುಗಳನ್ನು ತಯಾರು ಮಾಡೋ ಜಾಗದಿಂದಲೇ! 1983ರಲ್ಲಿ ತುಮಕೂರು ಕಡೆ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿದ್ರು. ಸರ್ಕಾರ ಹೊಸದಾಗಿ ನೆಡೋದನ್ನು ನಿಷೇಧಿಸಿದ್ದು 2017ರಲ್ಲಿ. ವರದಿಗೂ ಆದೇಶಕ್ಕೂ ಮಧ್ಯೆ 36 ವರ್ಷ.

ಬೋರ್‌ವೆಲ್ ಕಥೆ ನಿಮಗೇ ಗೊತ್ತು, ಉದ್ದ ಮಾಡಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಮುಳಬಾಗಿಲಿನ ಟೊಮೆಟೊ, ಮಾಲೂರಿನ ಹೂವು ತರಕಾರಿ ಇವೆಲ್ಲ ಆ ಪಾತಾಳದ ನೀರಿನಿಂದಲೇ. ಶ್ರೀನಿವಾಸಪುರದ ಮಾವು ಒಂದೇ ಸ್ವಲ್ಪ ಮಳೆ ನಂಬಿಕೊಂಡದ್ದು. ಸಾವಿರ, ಸಾವಿರದೈನೂರು ಅಡಿ ಕೊರೆದರೂ ಧೂಳು ಬಂದ ರೈತನ ಸಾಲ ಮಾತ್ರ ಅವನ ಲೆಕ್ಕಕ್ಕೇ.

ಇನ್ನು ಕೆ.ಸಿ. ವ್ಯಾಲಿ. 2016ರ ಮಾರ್ಚ್‌ನಲ್ಲಿ ಬಯಲುಸೀಮೆಯ ರೈತರು ಶಾಶ್ವತ ನೀರಾವರಿ ಬೇಕು ಅಂತ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಿದ್ದು ನೆನಪಿರಬೇಕು. ಅದೇ ವರ್ಷ ಈ ಯೋಜನೆಗೆ ಶಂಕುಸ್ಥಾಪನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ದಿನಕ್ಕೆ 44 ಕೋಟಿ ಲೀಟರ್, 126 ಕೆರೆ, ಸುಮಾರು 1,342 ಕೋಟಿ ರೂಪಾಯಿ. 2018ರ ಜೂನ್‌ನಲ್ಲಿ ನರಸಾಪುರ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ನೊರೆ ಬಂತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಆರ್. ಆಂಜನೇಯ ರೆಡ್ಡಿ ಕೋರ್ಟಿಗೆ ಹೋದರು. ಹೈಕೋರ್ಟ್ ತಡೆ, ಆಮೇಲೆ ಅನುಮತಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಏಪ್ರಿಲ್‌ನಲ್ಲಿ ತೆರವು.

ಅಂತರ್ಜಲ ಮೇಲೆ ಬಂದಿದೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡ ರೈತರಿಗೆ "ಇದು ಕೊಳಚೆ ನೀರು" ಅಂತ ಬೆಂಗಳೂರಲ್ಲಿ ಕೂತು ಉಪದೇಶ ಮಾಡೋದು ನನ್ನಿಂದಾಗಲ್ಲ. ಆದರೆ ಮೂರನೇ ಹಂತ ಬಿಟ್ಟು ಉಳಿಸಿದ ದುಡ್ಡು ಉಳಿತಾಯ ಅಂತಲೂ ನಾನು ಒಪ್ಪಲ್ಲ. ಅದು ಕೋಲಾರದ ಮಣ್ಣಿನ ಖಾತೆಗೆ ಬರೆದ ಸಾಲ. ಇಂಗಿದ ನೀರನ್ನು ತೊಳೆಯೋದು ಸುಲಭ ಅಲ್ಲ.

ಅತ್ತ ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆ. ಅಂದಾಜು ವೆಚ್ಚ 12,912 ಕೋಟಿಯಿಂದ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಗಿದ್ದು ಸಕಲೇಶಪುರದಲ್ಲಿ, ಮೊದಲ ಹಂತ ಮಾತ್ರ. ಈ ನಡುವೆ 2021ರ ನವೆಂಬರ್‌ನಲ್ಲಿ ಆಕಾಶವೇ ಕಳಚಿದ ಹಾಗೆ ಮಳೆ ಹೊಡೆದು ಕೋಲಾರದ ಎಷ್ಟೋ ಕೆರೆ ಕೋಡಿ ಹರಿದವು. ಹವಾಮಾನ ಬದಲಾದರೆ ಹೀಗೇ, ತಿಂಗಳುಗಟ್ಟಲೆ ಇಲ್ಲ, ಬಂದರೆ ಒಂದೇ ಸಲ. ಹಾಗೆ ಬಂದದ್ದನ್ನು ಹಿಡಿಯೋಕೇ ಕೆರೆ ಇರೋದು. ಹೂಳು, ಸೀಮೆಜಾಲಿ ತುಂಬಿದ ಕೆರೆಯಲ್ಲಿ ಎಷ್ಟು ನಿಲ್ಲುತ್ತೆ?

ಕೆ.ಸಿ. ವ್ಯಾಲಿ ಕೆರೆಗಳಿಂದ ನೇರ ಪಂಪ್ ಹಾಕಬಾರದು, ನೀರು ಇಂಗಬೇಕು ಅನ್ನೋದು ನಿಯಮ. ಆ ನಿಯಮ ಕಾಯೋದೂ ನೀರುಗಂಟಿ ಕೆಲಸವೇ ತಾನೇ? ಅವನ ಸಂಬಳ ಪಂಚಾಯಿತಿಯದಾ, ಸಣ್ಣ ನೀರಾವರಿ ಇಲಾಖೆಯದಾ, ನಗರದ ನೀರು ಇಲ್ಲಿಗೆ ಕಳಿಸೋ ಬೆಂಗಳೂರಿನದಾ, ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಗಳ ಸಿಎಸ್‌ಆರ್‌ನದಾ? ನಾನಾದರೆ ಬೆಂಗಳೂರಿನ ನೀರಿನ ಬಿಲ್‌ನಲ್ಲೇ ಒಂದು ಸಾಲು ಸೇರಿಸ್ತಿದ್ದೆ. ಬೈದುಕೊಳ್ಳಿ ಪರವಾಗಿಲ್ಲ, ಬೆಂಗಳೂರಿನವರೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ನಿಮ್ಮೂರ ಕೆರೆಗೆ ಇವತ್ತೂ ನೀರುಗಂಟಿ ಇದ್ದರೆ, ಅವರಿಗೆ ಕೊಡೋದು ಕಾಳಾ, ದುಡ್ಡಾ, ಕೊಡೋರು ಯಾರು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ.